ಹೇಳಿಕೊಳ್ಳದ ವ್ಯಾಧಿ

ಹಲ್ಲು ನೊಂದರೆ ನೆರೆಮನೆಯವರಿಗೂ ಹೇಳುತ್ತೇವೆ. ತಲೆ ನೊಂದರೆ ಓಣಿಗೆಲ್ಲ ತಿಳಿಯುತ್ತದೆ. ಮಲದೊಡನೆ ರಕ್ತ ಹೋದರೆ ಮಾತ್ರ ಮನೆಯವರಿಗೂ ತಿಳಿಸದೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸುಮ್ಮನಿರುತ್ತೇವೆ. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲೂಕುಗಳ ಹಳ್ಳಿಗಳಲ್ಲಿ, ಬೇರೆಡೆಗಳಲ್ಲಿರುವಂತೆಯೇ, ಮೂಲವ್ಯಾಧಿ ಅಪರೂಪದ ರೋಗವಲ್ಲ. ಅದರ ಹೆಸರನ್ನು ಬಾಯಿಬಿಟ್ಟು ಹೇಳುವವರು ಅಪರೂಪ. ಈ ಮೌನದಿಂದಾಗುವ ಹಾನಿ ವ್ಯಾಧಿಯಿಂದಾಗುವ ಹಾನಿಗಿಂತ ದೊಡ್ಡದೆಂದು ನಾವು ಭಾವಿಸುತ್ತೇವೆ. ಆದುದರಿಂದ ತರುಣ ವಾಚಕರೆದುರು ಈ ವಿಷಯವನ್ನು ಸಂಕೋಚವಿಲ್ಲದೆ ಎತ್ತಿಕೊಂಡಿದ್ದೇವೆ.

ಗುದನಾಳದ ಒಳಗೋಡೆಯಲ್ಲಿ ರಕ್ತನಾಳಗಳೂ ಸ್ನಾಯುತಂತುಗಳೂ ಕೂಡಿದ ಮೂರು ಮೆತ್ತನೆಯ ದಿಂಡುಗಳಿವೆ. ಇವು ರೋಗವಲ್ಲ, ಎಲ್ಲರ ದೇಹದಲ್ಲಿಯೂ ಹುಟ್ಟಿನಿಂದಲೇ ಇರತಕ್ಕವು. ನಲ್ಲಿಯೊಳಗಿನ ವಾಷರು ನೀರನ್ನು ತಡೆಯುವಂತೆ, ಗುದದ್ವಾರ ಬಿಗಿಯಾಗಿ ಮುಚ್ಚಿಕೊಳ್ಳಲು ಇವು ನೆರವಾಗುತ್ತವೆ. ಮೂಲವ್ಯಾಧಿಯೆಂದರೆ ಉಬ್ಬಿದ ಅಭಿಧಮನಿಗಳಷ್ಟೇ ಎಂದು ಬಹುಕಾಲ ನಂಬಲಾಗಿತ್ತು. ೧೯೭೫ರಲ್ಲಿ ಥಾಮ್ಸನ್ ಎಂಬ ಬ್ರಿಟಿಷ್ ಶಸ್ತ್ರವೈದ್ಯರು ಈ ದಿಂಡುಗಳ ನಿಜವಾದ ಸ್ವರೂಪವನ್ನು ತೋರಿಸಿಕೊಟ್ಟರು. ದಿನವೂ ಮುಕ್ಕಿರಿದು ಮಲ ವಿಸರ್ಜಿಸುವವರಲ್ಲಿ ದಿಂಡುಗಳನ್ನು ಹಿಡಿದಿಟ್ಟ ತಂತುಗಳು ಸಡಿಲಗೊಂಡು, ದಿಂಡುಗಳು ಕೆಳಕ್ಕೆ ಜಾರುತ್ತವೆ. ಗಟ್ಟಿಯಾದ ಮಲ ಅವನ್ನು ಕೆರೆಯುತ್ತದೆ. ಕೆಂಪು ರಕ್ತ ಹನಿಯುತ್ತದೆ. ಒಳಭಾಗದ ಆ ಪೊರೆಗೆ ನೋವನ್ನು ತಿಳಿಸುವ ನರಗಳಿಲ್ಲ. ಆದುದರಿಂದ ರಕ್ತ ಹೋದರೂ ನೋವಿರುವುದಿಲ್ಲ, ನೋವಿಲ್ಲದ್ದರಿಂದ ರೋಗಿ ಅಸಡ್ಡೆ ಮಾಡುತ್ತಾನೆ. ಮಲ ಹೋಗುವಾಗ ಕೊಯ್ದಂತೆ ನೋವಾದರೆ ಅದು ಬಹುಮಟ್ಟಿಗೆ ಗುದದ ಅಂಚಿನ ಸೀಳು. ಜನ ಅದನ್ನೂ ಮೂಲವ್ಯಾಧಿಯೆಂದೇ ಕರೆಯುತ್ತಾರೆ.

ಈ ಸೀಮೆಯಲ್ಲಿ ಮೂಲವ್ಯಾಧಿಯ ಮಾತು ಬಂದೊಡನೆ ಅಪವಾದ ಬೀಳುವುದು ಮೆಣಸಿನಕಾಯಿಯ ಮೇಲೆ. ನೆರೆಯಲ್ಲಿಯೇ ಬ್ಯಾಡಗಿಯಿರುವಾಗ ಅದು ಸಹಜವೇ. ಇಟಲಿಯ ವೈದ್ಯರು ೨೦೦೬ರಲ್ಲಿ ೫೦ ಮಂದಿ ರೋಗಿಗಳಿಗೆ ಒಮ್ಮೆ ಮೆಣಸಿನ ಪುಡಿಯ ಗುಳಿಗೆಯನ್ನೂ ಒಮ್ಮೆ ಏನೂ ಇಲ್ಲದ ಗುಳಿಗೆಯನ್ನೂ ಕೊಟ್ಟು ನೋಡಿ, ರೋಗಲಕ್ಷಣಗಳಲ್ಲಿ ವ್ಯತ್ಯಾಸವಿಲ್ಲವೆಂದು ಪ್ರಕಟಿಸಿದರು. (ಗುಳಿಗೆಯಲ್ಲಿ ಹಿಡಿಸುವಷ್ಟು ಖಾರವನ್ನು ನಮ್ಮವರು ಖಾರವೆಂದೇ ಎಣಿಸಲಾರರು, ಆ ಮಾತು ಬೇರೆ.) ಸೀಳಿದ್ದವರಿಗೆ ಖಾರದಿಂದ ಉರಿ ಹೆಚ್ಚುವುದುಂಟು. ಆದರೆ ಮೂಲವ್ಯಾಧಿಗೆ ಮೆಣಸಿನಕಾಯಿಯೇ ಕಾರಣವೆಂದು ಹೇಳಲು ಆಧಾರವಿಲ್ಲ.

ಕಾರಣವನ್ನು ತಟ್ಟೆಯಲ್ಲಿ ಹುಡುಕುವುದಾದರೆ ರೊಟ್ಟಿಯ ಕಡೆಗೆ ನೋಡಬೇಕು. ನೂರು ಗ್ರಾಂ ಜೋಳದಲ್ಲಿ ಸುಮಾರು ೧೦ ಗ್ರಾಂ ನಾರಿದೆ; ಅಷ್ಟೇ ತೂಕದ ಬಿಳಿಯ ಅಕ್ಕಿಯಲ್ಲಿ ಸುಮಾರು ೩ ಗ್ರಾಂ. ದಿನಕ್ಕೆ ೨೫ರಿಂದ ೩೦ ಗ್ರಾಂ ನಾರು ಬೇಕೆಂಬುದು ವೈದ್ಯರ ಮತ. ಜೋಳದ ರೊಟ್ಟಿ, ಕಾಳಿನ ಪಲ್ಯ, ಪುಂಡಿಪಲ್ಲೆ, ಹಸಿ ಮೂಲಂಗಿಗಳ ಊಟ ಈ ಲೆಕ್ಕವನ್ನು ತಾನೇ ತುಂಬಿಕೊಡುತ್ತಿತ್ತು. ಅನ್ನವೂ ಮೈದಾ ಹಿಟ್ಟಿನ ತಿನಿಸುಗಳೂ ಅದರ ಸ್ಥಾನವನ್ನು ಆಕ್ರಮಿಸಿದಷ್ಟೂ ಮಲಬದ್ಧತೆ ಹೆಚ್ಚುವುದರಲ್ಲಿ ಆಶ್ಚರ್ಯವಿಲ್ಲ. ಗರ್ಭಿಣಿಯರಲ್ಲಿಯೂ ಈ ತೊಂದರೆ ಹೆಚ್ಚು.

ಆದರೆ ಊಟವೊಂದನ್ನೇ ದೂರಿ ಸುಮ್ಮನಾಗುವುದು ನ್ಯಾಯವಲ್ಲ. ಬಿಸಿಲಲ್ಲಿ ಕಳೆ ತೆಗೆಯುವ ಹೆಣ್ಣುಮಗಳು ನೀರು ಕುಡಿಯುವುದನ್ನು ಬೇಕೆಂದೇ ಕಡಿಮೆ ಮಾಡುತ್ತಾಳೆ; ಹೊಲದಲ್ಲಿ ಅವಳಿಗೆ ಮರೆಯಿಲ್ಲ. ಶಾಲೆಯ ಶೌಚಾಲಯದಲ್ಲಿ ನೀರಿಲ್ಲದಿದ್ದರೆ, ಬಾಗಿಲಿಗೆ ಚಿಲಕವಿಲ್ಲದಿದ್ದರೆ, ಹುಡುಗಿಯರು ಬೆಳಗಿನಿಂದ ಸಂಜೆಯವರೆಗೆ ತಡೆದುಕೊಳ್ಳುತ್ತಾರೆ. ತಡೆದಷ್ಟೂ ಕರುಳು ಮಲದ ನೀರನ್ನು ಹೀರಿಕೊಳ್ಳುತ್ತದೆ, ಮಲ ಗಟ್ಟಿಯಾಗುತ್ತದೆ. ಇದರ ನಡುವೆ ಹುಡುಗರಿಗೆ ನಾರಿನ ಮಹತ್ವವನ್ನು ಕುರಿತು ಉಪನ್ಯಾಸ ಕೊಡುವುದು ಒಂದು ಬಗೆಯ ವಿನೋದವೇ ಸರಿ. ೨೦೧೪ರಿಂದ ಸ್ವಚ್ಛ ಭಾರತ ಅಭಿಯಾನದಲ್ಲಿ ಮನೆಮನೆಗೂ ಶೌಚಾಲಯಗಳು ಬಂದುವು. ನೀರು, ಚಿಲಕಗಳ ಲೆಕ್ಕವನ್ನೂ ಯಾರಾದರೂ ಇಡಬೇಕು. ಇನ್ನು ಶೌಚಾಲಯದಲ್ಲಿ ಮೊಬೈಲು ಹಿಡಿದು ಅರ್ಧ ಗಂಟೆ ಕೂರುವ ತರುಣರಿಗೆ ಈ ನೆಪಗಳಾವುವೂ ಇಲ್ಲ.

ಚಿಕಿತ್ಸೆ ಜನ ಹೆದರುವಷ್ಟು ಘೋರವಲ್ಲ. ಸುಶ್ರುತನು ಔಷಧ, ಕ್ಷಾರ, ಅಗ್ನಿ, ಶಸ್ತ್ರವೆಂದು ಅರ್ಶಸ್ಸಿಗೆ ನಾಲ್ಕು ಉಪಾಯಗಳನ್ನು ಹೇಳಿದ್ದಾನೆ. ಮೆದುವಾದುದರಿಂದ ಮೊದಲುಮಾಡುವ ಕ್ರಮ ಇಂದಿಗೂ ಸರಿ. ಆರಂಭದಲ್ಲಿ ನಾರು, ನೀರು, ಇಸಬಗೋಲು, ಬೆಚ್ಚನೆಯ ನೀರಿನಲ್ಲಿ ಕೂರುವುದು, ಇಷ್ಟೇ ಬಹಳ ಮಂದಿಗೆ ಸಾಕಾಗುತ್ತದೆ. ಸಾಲದಿದ್ದರೆ ಜಾರಿದ ದಿಂಡಿನ ಬುಡಕ್ಕೆ ಸಣ್ಣ ರಬ್ಬರ್ ಉಂಗುರ ಹಾಕುತ್ತಾರೆ. ರಕ್ತ ಸಿಗದೆ ಅದು ಬಾಡಿ, ಕೆಲವು ದಿನಗಳಲ್ಲಿ ಕಳಚಿಬೀಳುತ್ತದೆ. ೧೯೬೩ರಲ್ಲಿ ಅಮೆರಿಕದ ಬ್ಯಾರನ್ ಎಂಬ ವೈದ್ಯರು ಇದನ್ನು ಬಳಕೆಗೆ ತಂದರು. ಇದಕ್ಕೆ ಅರಿವಳಿಕೆಯೂ ಸಾಮಾನ್ಯವಾಗಿ ಬೇಡ. ಶಸ್ತ್ರಕ್ರಿಯೆ ಬೇಕಾಗುವುದು ಕೆಲವರಿಗೆ ಮಾತ್ರ.

ನಾಚಿಕೆಯಿಂದ ಆಸ್ಪತ್ರೆಗೆ ಹೋಗದವನು ಗೋಡೆಬರಹ ನೋಡಿ, 'ಆಪರೇಷನ್ ಇಲ್ಲದೆ ಒಂದೇ ದಿನದಲ್ಲಿ ಗುಣ' ಎಂಬ ಕೋಣೆಯನ್ನು ಹೊಗುತ್ತಾನೆ. ಅಲ್ಲಿ ಯಾರೂ ಅವನ ಹೆಸರು ಕೇಳುವುದಿಲ್ಲವೆಂಬುದೇ ಆಕರ್ಷಣೆ. ಚುಚ್ಚುಮದ್ದಿನಿಂದ ದಿಂಡನ್ನು ಬತ್ತಿಸುವ ಕ್ರಮ ವೈದ್ಯಶಾಸ್ತ್ರದಲ್ಲಿಯೂ ಉಂಟು. ತರಬೇತಿಯಿಲ್ಲದ ಕೈಯಲ್ಲಿ ಅದೇ ಮದ್ದು ಮಾಂಸವನ್ನು ಕೊಳೆಯಿಸಬಲ್ಲುದು, ಗುದದ್ವಾರವನ್ನು ಕಿರಿದಾಗಿಸಬಲ್ಲುದು. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಮಲದಲ್ಲಿ ಬರುವ ರಕ್ತವೆಲ್ಲ ಮೂಲವ್ಯಾಧಿಯದಲ್ಲ; ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿಯೂ ರಕ್ತ ಹೋಗುತ್ತದೆ. ರಕ್ತ ಕಪ್ಪಾಗಿ ಬಂದರೆ, ತೂಕ ಇಳಿದರೆ, ಮಲವಿಸರ್ಜನೆಯ ರೂಢಿ ಕೆಟ್ಟು ವಾರಗಟ್ಟಲೆ ಹಾಗೆಯೇ ಉಳಿದರೆ, ನಡುವಯಸ್ಸು ದಾಟಿದ ಮೇಲೆ ಹೊಸದಾಗಿ ರಕ್ತ ಕಂಡರೆ, ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ ಕೂರುವುದು ಪ್ರಾಣಕ್ಕೇ ಸಂಚಕಾರ. ಬೆರಳಿನಿಂದಲೂ ಸಣ್ಣ ಕೊಳವೆಯಿಂದಲೂ ಮಾಡುವ ಮೊದಲ ಪರೀಕ್ಷೆಗೆ ಹಿಡಿಯುವುದು ಕೆಲವೇ ನಿಮಿಷ. ನಾಲ್ಕೂ ತಾಲೂಕುಗಳಲ್ಲಿ ಸರಕಾರಿ ಆಸ್ಪತ್ರೆಗಳಿವೆ. ಹೆಚ್ಚಿನ ಪರೀಕ್ಷೆ ಬೇಕಾದವರಿಗೆ ೧೯೫೭ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ದೂರವಲ್ಲ.

ದಿನವೂ ರಕ್ತ ಹೋಗುತ್ತಿದ್ದರೆ ಕಾಲಕ್ರಮದಲ್ಲಿ ದೇಹದ ಕಬ್ಬಿಣ ಬರಿದಾಗಬಹುದು. ರಕ್ತಹೀನತೆಯೆಂದು ಹಳ್ಳಿಹಳ್ಳಿಗೂ ಕಬ್ಬಿಣದ ಮಾತ್ರೆ ಹಂಚುತ್ತಿದ್ದೇವೆ. ಮಾತ್ರೆ ಕೊಡುವವರು ಜೊತೆಯಲ್ಲಿ "ಬಯಲಕಡೆ ಹೋದಾಗ ರಕ್ತ ಕಾಣ್ತದೇನವ್ವಾ?" ಎಂಬ ಪ್ರಶ್ನೆಯನ್ನೂ ಕೇಳುವಂತಾಗಬೇಕೆಂದು ನಾವು ಒತ್ತಾಯಿಸುತ್ತೇವೆ. ತಾನಾಗಿ ಹೇಳಲು ನಾಚುವವಳು, ಕೇಳಿದರೆ ಹೇಳಿಯಾಳು.