ಅಂತರ್ಜಾಲದ ಬ್ಯಾಂಕೂ ಗ್ರಾಹಕನ ಸಂಕಟವೂ

ಹಿಂದೆ ಬ್ಯಾಂಕಿನ ಬಾಗಿಲು ಮುಚ್ಚಿದ್ದರೆ ಅದರ ಕಾರಣವನ್ನು ಒಂದು ಹಲಗೆಯ ಮೇಲೆ ಬರೆದು ಬಾಗಿಲಿಗೇ ತೂಗುಹಾಕುತ್ತಿದ್ದರು. ಇಂದು ಹಬ್ಬದ ರಜೆ, ನಾಳೆ ಹತ್ತು ಗಂಟೆಗೆ ಬನ್ನಿರಿ ಎಂಬಷ್ಟು ಅದರಲ್ಲಿರುತ್ತಿತ್ತು. ಬಂದವನು ಓದಿಕೊಂಡು, ಓದಲು ಬಾರದವನು ಪಕ್ಕದವನನ್ನು ಕೇಳಿಕೊಂಡು, ಸಮಾಧಾನದಿಂದ ಮನೆಗೆ ಹಿಂದಿರುಗುತ್ತಿದ್ದನು. ಈಗಲಾದರೋ ಬ್ಯಾಂಕು ನಮ್ಮ ಮೇಜಿನ ಮೇಲಿನ ಗಣಕಯಂತ್ರದೊಳಗೆ ಬಂದು ಕುಳಿತಿದೆ. ಹಗಲು ರಾತ್ರಿಯೆನ್ನದೆ ತೆರೆದಿರುವೆನೆಂಬುದು ಅದರ ಹೆಗ್ಗಳಿಕೆ. ಆದರೆ ಒಂದು ದಿನ ಅದು ತೆರೆಯದೆ ಹೋದರೆ ಏತಕ್ಕೆ ತೆರೆಯಲಿಲ್ಲವೆಂಬುದನ್ನು ಹೇಳುವವರಿಲ್ಲ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು, ಅದರ ಮಗ್ಗುಲಲ್ಲಿ ಒಂದು ಸಂಖ್ಯೆ. ಇಷ್ಟರಿಂದಲೇ ಗ್ರಾಹಕನು ತನ್ನ ಹಣವು ಇದೆಯೋ ಹೋಯಿತೋ ಎಂಬುದನ್ನು ಊಹಿಸಿಕೊಳ್ಳಬೇಕು.

ಕೆಲವು ದಿನಗಳ ಹಿಂದೆ ನಮ್ಮ ಕಾರ್ಯಾಲಯದಲ್ಲಿಯೇ ಈ ಅನುಭವವಾಯಿತು. ಅಂದು ಅಚ್ಚುಕೂಟದ ನೌಕರರಿಗೆ ಸಂಬಳದ ದಿನ. ನಮ್ಮ ಗುಮಾಸ್ತರು ಹಳೆಯ ಗಣಕಯಂತ್ರದ ಮುಂದೆ ಕುಳಿತು ಬ್ಯಾಂಕಿನ ವಿಳಾಸವನ್ನು ಕೊಟ್ಟರು. ಸಂಪರ್ಕವು ಸುರಕ್ಷಿತವಾಗಿಲ್ಲವೆಂಬ ಅರ್ಥದ ಎಚ್ಚರಿಕೆಯೊಂದು ಬಂದಿತು. ಮತ್ತೆ ಕೊಟ್ಟರು, ಮತ್ತೆ ಅದೇ ಎಚ್ಚರಿಕೆ. ಗಾಬರಿಗೊಂಡ ಅವರು ಬ್ಯಾಂಕಿನ ಸಹಾಯವಾಣಿಯ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕಿ, ಮೊದಲು ಕಣ್ಣಿಗೆ ಬಿದ್ದ ಸಂಖ್ಯೆಗೆ ಫೋನು ಮಾಡಿದರು. ಅತ್ತಲಿನ ಮನುಷ್ಯನು ಬಹು ವಿನಯದಿಂದ ಮಾತನಾಡಿ, ಯಂತ್ರದ ಪರದೆಯನ್ನು ತನಗೆ ತೋರಿಸುವಂಥ ಒಂದು ಸಣ್ಣ ಆ್ಯಪನ್ನು ಹಾಕಿಕೊಳ್ಳಿರೆಂದು ಬೋಧಿಸುತ್ತಿದ್ದಾಗ ನಾವು ಒಳಗೆ ಬಂದೆವು. ಫೋನನ್ನು ಕೈಯಿಂದ ತೆಗೆದು ಕೆಳಗಿಟ್ಟೆವು. ಆಮೇಲೆ ಪರೀಕ್ಷಿಸಿದರೆ ದೋಷವಿದ್ದುದು ಬ್ಯಾಂಕಿನಲ್ಲಿಯೂ ಅಲ್ಲ, ಅಂತರ್ಜಾಲದಲ್ಲಿಯೂ ಅಲ್ಲ. ನಮ್ಮ ಯಂತ್ರದೊಳಗಿನ ಗಡಿಯಾರವು ಹತ್ತು ವರ್ಷ ಹಿಂದಕ್ಕೆ ಹೋಗಿ ಕುಳಿತಿತ್ತು. ಅದನ್ನು ನಡೆಸುವ, ನಾಣ್ಯದಾಕಾರದ ಪುಟ್ಟ ಬ್ಯಾಟರಿಯ ಆಯುಸ್ಸು ತೀರಿತ್ತು. ದಿನಾಂಕವನ್ನು ಸರಿಪಡಿಸಿದೊಡನೆ ಪುಟವು ತೆರೆಯಿತು. ಸಂಜೆಯೊಳಗಾಗಿ ಸಂಬಳವೂ ಸಂದಾಯವಾಯಿತು. ಅಲ್ಪ ಬೆಲೆಯ ಒಂದು ಬ್ಯಾಟರಿಯ ದೆಸೆಯಿಂದ ಇಪ್ಪತ್ತು ಮನೆಗಳ ಒಂದು ತಿಂಗಳ ಅನ್ನವು ಕೈಬಿಟ್ಟುಹೋಗುವುದರಲ್ಲಿತ್ತು.

ಈ ಪ್ರಸಂಗದಿಂದ ನಮಗೆ ಮನದಟ್ಟಾದುದಿಷ್ಟು: ಯಂತ್ರ ಕೆಟ್ಟ ಮಾತ್ರಕ್ಕೆ ಹಣವು ಹೋಗುವುದಿಲ್ಲ, ಕೆಟ್ಟ ಯಂತ್ರದ ಮುಂದೆ ಕುಳಿತವನ ಗಾಬರಿಯಿಂದ ಹೋಗುತ್ತದೆ. ಕಳ್ಳನು ಕಾಯುತ್ತಿರುವುದು ಆ ಒಂದು ಗಳಿಗೆಯನ್ನೇ. ಆದಕಾರಣ ತೊಡಕು ಎಲ್ಲಿದೆಯೆಂಬುದನ್ನು ಕ್ರಮವಾಗಿ ಪರೀಕ್ಷಿಸಿ ತಿಳಿಯುವ ವಿದ್ಯೆಯು ಕುಶಲರಾದ ಕೆಲವು ತರುಣರ ವಿನೋದವೆಂದು ಯಾರೂ ಭಾವಿಸಕೂಡದು. ಅದು ಪ್ರತಿಯೊಬ್ಬ ಗೃಹಸ್ಥನಿಗೂ ಗೃಹಿಣಿಗೂ ಬೇಕಾದ ಆತ್ಮರಕ್ಷಣೆಯ ವಿದ್ಯೆ. ಅದರ ಕೆಲವು ಸೂತ್ರಗಳನ್ನು ವಾಚಕರ ಮುಂದೆ ಇಡುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ.

ಮೊದಲನೆಯದಾಗಿ, ದೋಷವು ಯಾರ ಮನೆಯಲ್ಲಿದೆಯೆಂಬುದನ್ನು ನೋಡಬೇಕು. ನಾಡಿ ಹಿಡಿಯದೆ ಔಷಧ ಕೊಡುವ ವೈದ್ಯನನ್ನು ಯಾರೂ ನಂಬರಷ್ಟೆ. ಬ್ಯಾಂಕಿನ ಪುಟವು ತೆರೆಯದಿದ್ದಾಗ ಬೇರೊಂದು ಪುಟವನ್ನು, ಒಂದು ವರ್ತಮಾನಪತ್ರಿಕೆಯದನ್ನಾದರೂ, ತೆರೆದು ನೋಡಿರಿ. ಅದೂ ತೆರೆಯದಿದ್ದರೆ ತೊಡಕು ನಿಮ್ಮ ಅಂತರ್ಜಾಲದ್ದು. ಅದು ತೆರೆದು ಬ್ಯಾಂಕಿನದು ಮಾತ್ರ ತೆರೆಯದಿದ್ದರೆ, ಬೇರೊಂದು ಬ್ರೌಸರಿನಲ್ಲಿ, ಅಥವಾ ಮನೆಯವರ ಮೊಬೈಲಿನಲ್ಲಿ, ಅದೇ ವಿಳಾಸವನ್ನು ಕೊಟ್ಟು ನೋಡಿರಿ. ಅಲ್ಲಿ ತೆರೆಯಿತೋ, ದೋಷವು ನಿಮ್ಮ ಬ್ರೌಸರಿನಲ್ಲಿದೆ. ಎಲ್ಲಿಯೂ ತೆರೆಯಲಿಲ್ಲವೋ, ಬಹುಮಟ್ಟಿಗೆ ಬ್ಯಾಂಕಿನವರೇ ದುರಸ್ತಿ ಮಾಡಿಕೊಳ್ಳುತ್ತಿರುತ್ತಾರೆ. ಇಂಥ ಕೆಲಸವನ್ನು ಅವರು ರಾತ್ರಿಯ ಹೊತ್ತು ಇಟ್ಟುಕೊಳ್ಳುವುದುಂಟು. ಆಗ ಗ್ರಾಹಕನು ಮಾಡತಕ್ಕ ಕೆಲಸವೊಂದೇ: ಕಾಯುವುದು.

ಎರಡನೆಯದು ವಿಳಾಸದ ವಿಷಯ. ಈಚಿನ ವರ್ಷಗಳಲ್ಲಿ ಬ್ಯಾಂಕುಗಳ ಹೆಸರುಗಳೂ ವಿಳಾಸಗಳೂ ಬಹಳವಾಗಿ ಬದಲಾಗಿವೆ. ೨೦೧೭ರಲ್ಲಿ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ೨೦೧೯ರಲ್ಲಿ ವಿಜಯಾ ಬ್ಯಾಂಕು ಬರೋಡಾ ಬ್ಯಾಂಕನ್ನು ಸೇರಿತು. ೨೦೨೦ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಐಕ್ಯವಾದುವು. ೨೦೨೫ರ ಮೇ ಒಂದರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾದುವು. ಇದರ ಮೇಲೆ ರಿಜರ್ವ್ ಬ್ಯಾಂಕು, ೨೦೨೫ರ ಅಕ್ಟೋಬರ್ ೩೧ರೊಳಗಾಗಿ ಎಲ್ಲ ಬ್ಯಾಂಕುಗಳೂ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಕೊನೆಗೊಳ್ಳುವ ಹೊಸ ವಿಳಾಸಕ್ಕೆ ಬರತಕ್ಕದ್ದೆಂದು ಆಜ್ಞಾಪಿಸಿತು. ಅನ್ಯರಿಗೆ ದೊರೆಯದ ಈ ಅಂಕಿತವು ಗ್ರಾಹಕನಿಗೆ ಒಂದು ಒಳ್ಳೆಯ ಗುರುತಾಗಿದೆ. ಆದರೆ ಹಲವು ವರ್ಷಗಳ ಹಿಂದೆ ಬ್ರೌಸರಿನಲ್ಲಿ ಗುರುತು ಹಾಕಿಟ್ಟುಕೊಂಡ ಹಳೆಯ ವಿಳಾಸವನ್ನೇ ಒತ್ತುತ್ತ, ಪುಟ ಬಾರದೆಂದು ಪರಿತಪಿಸುವವರು ಅನೇಕರು. ಹೊಸ ವಿಳಾಸವನ್ನು ಶಾಖೆಯಲ್ಲಿ ಕೇಳಿ ತಿಳಿದು, ಸ್ವಂತ ಕೈಯಿಂದ ಬರೆದು, ಹೊಸದಾಗಿ ಗುರುತು ಹಾಕಿಕೊಳ್ಳಿರಿ. ಹುಡುಕಿ ತೆಗೆದ ಮೊದಲನೆಯ ಪುಟವೇ ಬ್ಯಾಂಕಿನದೆಂದು ನಂಬಬೇಡಿರಿ. ಬೀಗದ ಚಿಹ್ನೆಯಿದ್ದ ಮಾತ್ರಕ್ಕೆ ಪುಟವು ಸಾಚಾ ಎಂದೂ ತಿಳಿಯಬೇಡಿರಿ. ಮಾತುಕತೆಯನ್ನು ಮೂರನೆಯವನು ಕೇಳಿಸಿಕೊಳ್ಳಲಾರನೆಂಬುದನ್ನಷ್ಟೇ ಬೀಗವು ಹೇಳುತ್ತದೆ. ಎದುರಿಗಿರುವವನು ಸತ್ಯವಂತನೆಂದು ಹೇಳುವುದಿಲ್ಲ.

ಮೂರನೆಯದು ಗಡಿಯಾರ ಮತ್ತು ಯಂತ್ರದ ವಯಸ್ಸು. ಬ್ಯಾಂಕಿನ ಪುಟವು ತೆರೆಯುವ ಮುನ್ನ ಒಂದು ಪ್ರಮಾಣಪತ್ರವನ್ನು ತೋರಿಸುತ್ತದೆ. ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆಂಬ ಅವಧಿಯುಂಟು. ನಿಮ್ಮ ಯಂತ್ರದ ಪಂಚಾಂಗವು ಹತ್ತು ವರ್ಷ ಹಿಂದಿದ್ದರೆ, ಆ ಪತ್ರವು ಇನ್ನೂ ಹುಟ್ಟಿಯೇ ಇಲ್ಲವೆಂದು ಬ್ರೌಸರು ತಿಳಿದು ಬಾಗಿಲು ಹಾಕುತ್ತದೆ. ಆದುದರಿಂದ ಇಂಥ ಎಚ್ಚರಿಕೆ ಬಂದಾಗ ಮೊದಲು ದಿನಾಂಕವನ್ನು ನೋಡಿರಿ. ದಿನಾಂಕವು ಸರಿಯಿದ್ದರೂ ಎಚ್ಚರಿಕೆಯು ಹೋಗದಿದ್ದರೆ, ಅದನ್ನು ದಾಟಿ ಮುಂದೆ ಹೋಗುವ ಸಾಹಸವು ಬ್ಯಾಂಕಿನ ವಿಷಯದಲ್ಲಿ ಎಂದಿಗೂ ಕೂಡದು. ಬ್ರೌಸರನ್ನು ಕಾಲಕಾಲಕ್ಕೆ ನವೀಕರಿಸುವುದೂ ಅಷ್ಟೇ ಅವಶ್ಯಕ. ಇಂಟರ್ನೆಟ್ ಎಕ್ಸ್‌ಪ್ಲೋರರ್ ೨೦೨೨ರ ಜೂನ್ ೧೫ರಂದು ನಿವೃತ್ತವಾಯಿತು. ಕ್ರೋಮ್ ಬ್ರೌಸರಿನ ಹೊಸ ಆವೃತ್ತಿಗಳು ೨೦೨೩ರ ಆರಂಭದಿಂದ ವಿಂಡೋಸ್ ೭ರಲ್ಲಿ ನಡೆಯುವುದಿಲ್ಲ. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನವರು ಕೊಡುತ್ತಿದ್ದ ಸಾಧಾರಣ ಬೆಂಬಲವೂ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ಹಳೆಯ ಯಂತ್ರದಲ್ಲಿ ಪತ್ರ ಬರೆಯಬಹುದು, ಲೆಕ್ಕ ಇಡಬಹುದು. ಹಣದ ವ್ಯವಹಾರವನ್ನು ಮಾತ್ರ ನಡೆಸದಿರುವುದು ವಿವೇಕ.

ನಾಲ್ಕನೆಯದು ಬ್ರೌಸರಿನ ನೆನಪು. ನಾವು ನೋಡಿದ ಪುಟಗಳ ತುಣುಕುಗಳನ್ನೂ, ಕುಕಿಗಳೆಂಬ ಗುರುತು ಚೀಟಿಗಳನ್ನೂ ಬ್ರೌಸರು ಕೂಡಿಟ್ಟುಕೊಂಡಿರುತ್ತದೆ. ಬ್ಯಾಂಕಿನವರು ತಮ್ಮ ಪುಟವನ್ನು ಬದಲಾಯಿಸಿದಾಗ ಹಳೆಯ ತುಣುಕೂ ಹೊಸ ಪುಟವೂ ಹೊಂದದೆ, ಗುಂಡಿ ಒತ್ತಿದರೆ ಏನೂ ಆಗದ ಸ್ಥಿತಿ ಒದಗುತ್ತದೆ. ಆಗ ಬ್ರೌಸರಿನಲ್ಲಿರುವ ಖಾಸಗಿ ಕಿಟಕಿಯನ್ನು ತೆರೆದು ಪ್ರಯತ್ನಿಸಿರಿ. ಅಲ್ಲಿ ಕೆಲಸ ನಡೆದರೆ, ಆ ಬ್ಯಾಂಕಿನ ಪುಟಕ್ಕೆ ಸಂಬಂಧಿಸಿದ ಸಂಗ್ರಹವನ್ನಷ್ಟೇ ಅಳಿಸಿದರೆ ಸಾಕು. ಸಿಟ್ಟಿನಿಂದ ಎಲ್ಲವನ್ನೂ ಅಳಿಸಬೇಕಾದುದಿಲ್ಲ. ಹಣ ಸಂದಾಯದ ಪುಟವೂ ಖಾತೆಯ ವಿವರಪಟ್ಟಿಯೂ ಅನೇಕ ವೇಳೆ ಬೇರೊಂದು ಕಿಟಕಿಯಲ್ಲಿ ತೆರೆಯುತ್ತವೆ. ಜಾಹೀರಾತುಗಳ ಕಾಟಕ್ಕಾಗಿ ನಾವು ಹಾಕಿಕೊಂಡ ತಡೆಯು ಇವನ್ನೂ ತಡೆಯುತ್ತದೆ. ಆ ತಡೆಯನ್ನು ಬ್ಯಾಂಕಿನ ವಿಳಾಸವೊಂದಕ್ಕೆ ಮಾತ್ರ ಸಡಿಲಿಸತಕ್ಕದ್ದು.

ಐದನೆಯದು ಒಳಹೊಕ್ಕ ಮೇಲಿನ ನಡವಳಿಕೆ. ಬ್ಯಾಂಕಿನ ಪುಟದಲ್ಲಿ ಹಿಂದಕ್ಕೆ ಹೋಗುವ ಬಾಣವನ್ನು ಒತ್ತಿದರೆ, ಅಥವಾ ಎರಡು ಕಿಟಕಿಗಳಲ್ಲಿ ಒಮ್ಮೆಲೇ ಪ್ರವೇಶಿಸಿದರೆ, ಬ್ಯಾಂಕು ಸಂಶಯಪಟ್ಟು ಹೊರಹಾಕುವುದುಂಟು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂದರೆ ಸರಿಹೋಗುತ್ತದೆ. ಪಾಸ್‌ವರ್ಡು ತಪ್ಪೆಂದು ಬಂದರೆ, ಇಂಗ್ಲಿಷಿನ ದೊಡ್ಡಕ್ಷರದ ಕೀಲಿ ಒತ್ತಿಕೊಂಡಿದೆಯೋ, ಕನ್ನಡದಲ್ಲಿ ಬರೆಯುತ್ತಿದ್ದ ಕೀಲಿಮಣೆ ಹಾಗೆಯೇ ಉಳಿದಿದೆಯೋ ನೋಡಿರಿ. ಕೆಲವು ಸಲ ತಪ್ಪಿದರೆ ಖಾತೆಗೆ ಬೀಗ ಬೀಳುತ್ತದೆ. ಓಟಿಪಿ ಬರುವುದು ತಡವಾದರೆ ಮೇಲಿಂದ ಮೇಲೆ ಕೇಳಬೇಡಿರಿ. ಸಾಮಾನ್ಯವಾಗಿ ಕೊನೆಯದು ಮಾತ್ರ ಸಲ್ಲುತ್ತದೆ, ಹಿಂದಿನವು ರದ್ದಾಗುತ್ತವೆ. ಆದರೆ ಮೊಬೈಲಿಗೆ ಕಾರಣವಿಲ್ಲದೆ ಸಂಪರ್ಕವೇ ಕಡಿದುಹೋಗಿ ಬಹು ಹೊತ್ತಾದರೂ ಬಾರದಿದ್ದರೆ, ನಿಮ್ಮ ಸಂಖ್ಯೆಯ ಸಿಮ್ಮನ್ನು ಅನ್ಯರು ಪಡೆದಿರಬಹುದೆಂದು ಶಂಕಿಸಿ, ಕೂಡಲೆ ಮೊಬೈಲ್ ಕಂಪೆನಿಯವರಿಗೂ ಬ್ಯಾಂಕಿಗೂ ತಿಳಿಸಿರಿ.

ಇನ್ನು ಎಲ್ಲಕ್ಕಿಂತ ಹೆಚ್ಚು ಕಳವಳವನ್ನುಂಟುಮಾಡುವ ಪ್ರಸಂಗ: ಖಾತೆಯಿಂದ ಹಣವು ಕಡಿತವಾಯಿತು, ಸೇರಬೇಕಾದವರಿಗೆ ಸೇರಲಿಲ್ಲ, ಪುಟವು ನಡುವೆಯೇ ನಿಂತುಹೋಯಿತು. ಆಗ ಗುಂಡಿಯನ್ನು ಎರಡನೆಯ ಸಲ ಒತ್ತಬೇಡಿರಿ. ಖಾತೆಯ ವಿವರವನ್ನು ನೋಡಿ, ವ್ಯವಹಾರದ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿರಿ. ೨೦೧೯ರ ಸೆಪ್ಟೆಂಬರ್ ೨೦ರ ಸುತ್ತೋಲೆಯಲ್ಲಿ ರಿಜರ್ವ್ ಬ್ಯಾಂಕು ಇಂಥ ಹಣವು ತಾನಾಗಿ ಹಿಂದಿರುಗುವುದಕ್ಕೆ ಗಡುವುಗಳನ್ನು ವಿಧಿಸಿತು. ಐಎಂಪಿಎಸ್ ವರ್ಗಾವಣೆಗೆ ಮರುದಿನ. ಅಂಗಡಿಕಾರರಿಗೆ ಕಾರ್ಡಿನ ಮೂಲಕ ಅಂತರ್ಜಾಲದಲ್ಲಿ ಕೊಟ್ಟುದಕ್ಕೆ ಐದು ದಿನ. ಮೀರಿದರೆ ದಿನವೊಂದಕ್ಕೆ ೧೦೦ ರೂಪಾಯಿ ಪರಿಹಾರ. ಇದು ಬ್ಯಾಂಕಿನವರ ಕೃಪೆಯಲ್ಲ, ಗ್ರಾಹಕನ ಹಕ್ಕು.

ಇಷ್ಟು ಹೇಳಿದ ಮೇಲೆ, ಎಲ್ಲ ಭಾರವನ್ನೂ ಗ್ರಾಹಕನ ಹೆಗಲಿಗೇ ಹೊರಿಸಿ ಬ್ಯಾಂಕುಗಳನ್ನು ಬಿಟ್ಟುಬಿಡಲು ನಾವು ಸಿದ್ಧರಿಲ್ಲ. ಜನರು ಕಲಿಯಲಿ ಎಂದು ಹೇಳುವುದು ಸುಲಭ. ಎಪ್ಪತ್ತು ವಯಸ್ಸಿನ ಪಿಂಚಣಿದಾರನು ಪರದೆಯ ಮೇಲಿನ ಸಂಖ್ಯೆಯನ್ನು ನೋಡಿ ದೋಷವನ್ನು ಹೇಗೆ ಅರಿತಾನು? ೧೯೨೮ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಠೇವಣಿಯನ್ನು ಆರಂಭಿಸಿದಾಗ, ದಿನವೊಂದಕ್ಕೆ ಎರಡಾಣೆಯನ್ನು ಸಂಗ್ರಹಿಸುವುದಕ್ಕಾಗಿ ಬ್ಯಾಂಕಿನ ಮನುಷ್ಯನು ಬಡವನ ಮನೆಬಾಗಿಲಿಗೆ ನಡೆದುಬರುತ್ತಿದ್ದನು. ಬಡವನ ಎರಡಾಣೆಗಾಗಿ ಬಾಗಿಲವರೆಗೆ ಬಂದ ಪದ್ಧತಿಯು ನಮ್ಮ ನಾಡಿನದು. ಇಂದು ಅದೇ ಬಡವನು ತನ್ನ ಹಣಕ್ಕಾಗಿ ಗಾಜಿನ ಬಾಗಿಲಿನ ಹೊರಗೆ ನಿಂತು, ತಿಳಿಯದ ಭಾಷೆಯ ಎಚ್ಚರಿಕೆಯನ್ನು ಓದಬೇಕಾಗಿದೆ. ಶಾಖೆಯೊಳಗಿನ ಹಲಗೆಗಳು ಇಂಗ್ಲಿಷು, ಹಿಂದಿ ಮತ್ತು ಪ್ರಾಂತಭಾಷೆಗಳಲ್ಲಿರಬೇಕೆಂದು ರಿಜರ್ವ್ ಬ್ಯಾಂಕು ಬಹುಕಾಲದಿಂದ ಹೇಳುತ್ತ ಬಂದಿದೆ. ಪರದೆಯ ಮೇಲಿನ ಎಚ್ಚರಿಕೆಯೂ ಒಂದು ಹಲಗೆಯೇ ಅಲ್ಲವೆ? ಏನಾಗಿದೆ, ಹಣವು ಕ್ಷೇಮವೋ, ಮುಂದೆ ಏನು ಮಾಡಬೇಕು ಎಂಬ ಮೂರು ಮಾತುಗಳು ಕನ್ನಡದಲ್ಲಿ ಅಲ್ಲಿಯೇ ಕಂಡರೆ, ಸಹಾಯವಾಣಿಯ ಸಂಖ್ಯೆಯು ಅದರ ಕೆಳಗೇ ಇದ್ದರೆ, ಗ್ರಾಹಕನು ಬೇರೆಡೆ ಹುಡುಕಹೋಗಿ ಕಳ್ಳನ ಕೈಗೆ ಸಿಕ್ಕುವ ಸಂಭವವೇ ಬಹುಮಟ್ಟಿಗೆ ತಪ್ಪುತ್ತದೆ. ಪ್ರತಿ ಶಾಖೆಯಲ್ಲಿಯೂ ದಿನಕ್ಕೆ ಒಂದು ಗಂಟೆಯಾದರೂ ಈ ತೊಡಕುಗಳನ್ನು ಬಿಡಿಸಿಹೇಳುವ ಒಬ್ಬ ನೌಕರನಿರಲಿ. ಕೋಟ್ಯಂತರ ರೂಪಾಯಿಗಳ ಯಂತ್ರಗಳನ್ನು ಕೊಳ್ಳುವವರಿಗೆ ಇದೊಂದು ಹೊರೆಯಾಗಲಾರದು.

ಇಷ್ಟಾದರೂ ಮೋಸಹೋದವರುಂಟಾದರೆ, ನಾಚಿಕೆಯಿಂದ ಸುಮ್ಮನೆ ಕುಳಿತಿರಬಾರದು. ಕೂಡಲೆ ಬ್ಯಾಂಕಿಗೆ ತಿಳಿಸಿ ಖಾತೆಯನ್ನು ತಡೆಹಿಡಿಸಿ, ೧೯೩೦ ಎಂಬ ಸಂಖ್ಯೆಗೆ ದೂರು ಕೊಡಬೇಕು. ೨೦೧೭ರ ಜುಲೈ ೬ರ ಸುತ್ತೋಲೆಯು, ಗ್ರಾಹಕನ ತಪ್ಪಿಲ್ಲದೆ, ಬ್ಯಾಂಕಿನದೂ ಅಲ್ಲದ ಬೇರೊಂದು ಕಡೆಯ ದೋಷದಿಂದ ಹಣವು ಹೋಗಿ, ಅವನು ಮೂರು ಕೆಲಸದ ದಿನಗಳೊಳಗಾಗಿ ತಿಳಿಸಿದರೆ ನಷ್ಟವು ಅವನದಲ್ಲವೆಂದು ವಿಧಿಸಿತು. ತಪ್ಪು ಅವನದೆಂದು ಸಿದ್ಧಪಡಿಸುವ ಭಾರವನ್ನೂ ಬ್ಯಾಂಕಿನ ಮೇಲೆಯೇ ಇಟ್ಟಿತು. ಗುಟ್ಟನ್ನು ತಾನಾಗಿ ಹೇಳಿದವನಿಗೂ, ದೂರು ಕೊಟ್ಟ ಗಳಿಗೆಯಿಂದ ಮುಂದಿನ ನಷ್ಟಕ್ಕೆ ಬ್ಯಾಂಕೇ ಹೊಣೆಯೆಂದಿತು. ಆದುದರಿಂದ ಪ್ರತಿ ನಿಮಿಷಕ್ಕೂ ಬೆಲೆಯಿದೆ.

ನಮ್ಮ ಗುಮಾಸ್ತರು ಈಗ ಗಣಕಯಂತ್ರದ ಮಗ್ಗುಲಿನ ಗೋಡೆಗೆ ಒಂದು ಚೀಟಿಯನ್ನು ಅಂಟಿಸಿದ್ದಾರೆ. ಪಾಸ್‌ಪುಸ್ತಕದಿಂದ ನೋಡಿ ಬರೆದುಕೊಂಡ ಶಾಖೆಯ ಸಂಖ್ಯೆ, ಬ್ಯಾಂಕಿನ ಹೊಸ ವಿಳಾಸ, ಅದರ ಕೆಳಗೆ 'ಮೊದಲು ದಿನಾಂಕ ನೋಡು' ಎಂಬ ಮಾತು, ಇಷ್ಟೇ ಅದರಲ್ಲಿದೆ. ಇಂಥ ಚೀಟಿಯೊಂದು ನಮ್ಮ ವಾಚಕರ ಪ್ರತಿಯೊಂದು ಮನೆಯಲ್ಲಿಯೂ ಇರಲೆಂದು ನಮ್ಮ ವಿಜ್ಞಾಪನೆ.