ಸ್ಟಾಲಿನ್‌ಗಾಗಿ ನಡುರಾತ್ರಿ ನುಡಿಸಿದ ಪಿಯಾನೋ: ಹಳೆಯ ರೇಡಿಯೋ ಧ್ವನಿಮುದ್ರಣಗಳ ಕಥೆಗಳಲ್ಲಿ ನಿಜವೆಷ್ಟು?

ಹಳೆಯ ಪಿಯಾನೋ ಸಂಗೀತದ ಆಡಿಯೊ ಜೊತೆ ಓಡಾಡುವ ಕಥೆಗಳಲ್ಲಿ ಇದು ಬಹಳ ಜನಪ್ರಿಯ. ಒಂದು ರಾತ್ರಿ ಮಾಸ್ಕೋ ರೇಡಿಯೋದಲ್ಲಿ ಮೊಟ್ಸಾರ್ಟ್‌ನ 23ನೇ ಪಿಯಾನೋ ಕನ್ಸರ್ಟೊ ಬರುತ್ತಿತ್ತಂತೆ. ನುಡಿಸುತ್ತಿದ್ದವರು ಮರಿಯಾ ಯೂದಿನಾ. ಕೇಳಿ ಮೆಚ್ಚಿದ ಸ್ಟಾಲಿನ್, ಅದರ ರೆಕಾರ್ಡ್ ಕಳಿಸಿ ಎಂದನಂತೆ. ಆದರೆ ಅದು ನೇರ ಪ್ರಸಾರ, ರೆಕಾರ್ಡ್ ಮಾಡಿರಲೇ ಇಲ್ಲ. ‘ಇಲ್ಲ’ ಎಂದು ಸ್ಟಾಲಿನ್‌ಗೆ ಹೇಳುವವರು ಯಾರು? ಯೂದಿನಾರನ್ನೂ ವಾದ್ಯವೃಂದವನ್ನೂ ನಡುರಾತ್ರಿ ಕರೆತಂದರು. ಹೆದರಿಕೆಯಿಂದ ಒಬ್ಬ ಕಂಡಕ್ಟರ್ ಕೈಚೆಲ್ಲಿದ, ಇನ್ನೊಬ್ಬನೂ ಕೈಚೆಲ್ಲಿದ, ಮೂರನೆಯವನು ಹೇಗೋ ಮುಗಿಸಿದ. (ಬಸ್ಸಿನ ಕಂಡಕ್ಟರ್ ಅಲ್ಲ, ಕೈಸನ್ನೆಯಿಂದ ವಾದ್ಯವೃಂದ ನಡೆಸುವವರು.) ಬೆಳಗಾಗುವ ಹೊತ್ತಿಗೆ ಒಂದೇ ಒಂದು ಪ್ರತಿ ಸಿದ್ಧವಾಯಿತು. ಸ್ಟಾಲಿನ್ 20,000 ರೂಬಲ್ ಕಳಿಸಿದ. ಯೂದಿನಾ ಅದನ್ನು ಚರ್ಚಿಗೆ ಕೊಟ್ಟು, ನಿಮ್ಮ ಪಾಪಗಳಿಗಾಗಿ ಪ್ರಾರ್ಥಿಸುತ್ತೇನೆ ಎಂದು ಪತ್ರ ಬರೆದರು. ಆದರೂ ಅವರ ಬಂಧನವಾಗಲಿಲ್ಲ. 1953ರಲ್ಲಿ ಸ್ಟಾಲಿನ್ ಸತ್ತಾಗ ಗ್ರಾಮಫೋನ್ ಮೇಲೆ ಅದೇ ರೆಕಾರ್ಡ್ ಇತ್ತು.

ಮೈ ಜುಮ್ಮೆನ್ನುವ ಕಥೆ, ಫಾರ್ವರ್ಡ್ ಮಾಡಲು ಹೇಳಿ ಮಾಡಿಸಿದಂತಿದೆ. ಹಾಗಾದರೆ ಇದು ನಡೆದದ್ದೇ?

ಈ ಕಥೆ ಬಂದಿದ್ದು ಎಲ್ಲಿಂದ?

1979ರಲ್ಲಿ ಪ್ರಕಟವಾದ ಒಂದು ಪುಸ್ತಕದಿಂದ ಇದು ಜಗತ್ತಿಗೆ ಹರಡಿತು. ಸಂಗೀತಗಾರ ಶೋಸ್ತಕೋವಿಚ್ ಹೇಳಿದ ನೆನಪುಗಳು ಎಂದು ಸೊಲೊಮನ್ ವೋಲ್ಕೊವ್ ಬರೆದು ಹೊರತಂದ ಪುಸ್ತಕ ಅದು. ಅದರಲ್ಲಿ ಶೋಸ್ತಕೋವಿಚ್‌ರ ಮಾತು ಎಷ್ಟು, ಬರೆದವರದ್ದು ಎಷ್ಟು ಎಂಬ ಜಗಳ ವಿದ್ವಾಂಸರ ನಡುವೆ ಇನ್ನೂ ಮುಗಿದಿಲ್ಲ. 2017ರ ‘ದಿ ಡೆತ್ ಆಫ್ ಸ್ಟಾಲಿನ್’ ಸಿನಿಮಾ ಇದನ್ನೇ ಆರಂಭದ ದೃಶ್ಯವಾಗಿಸಿಕೊಂಡ ಮೇಲೆ, ಪುಸ್ತಕ ಓದದವರಿಗೂ ಕಥೆ ಗೊತ್ತಾಯಿತು.

ಯೂದಿನಾ ಆ ಕನ್ಸರ್ಟೊ ನುಡಿಸಿದ ಧ್ವನಿಮುದ್ರಣ ಇರುವುದು ನಿಜ. ಕಂಡಕ್ಟರ್ ಅಲೆಕ್ಸಾಂಡರ್ ಗೌಕ್. ಆದರೆ ಅದು 1940ರ ದಶಕದ್ದು. ಕಥೆಯ ಪ್ರಕಾರ ಘಟನೆ ನಡೆದದ್ದು ಸ್ಟಾಲಿನ್‌ನ ಕೊನೆಯ ದಿನಗಳಲ್ಲಿ. ಕಾಲ ಇಲ್ಲೇ ತಾಳೆಯಾಗುವುದಿಲ್ಲ. ಯೂದಿನಾ ಜೀವನಚರಿತ್ರೆ ಬರೆದ ಎಲಿಜಬೆತ್ ವಿಲ್ಸನ್ ಅವರಿಗೂ ಈ ಕಥೆಗೆ ದಾಖಲೆ ಸಿಗಲಿಲ್ಲ.

ಹಾಗಿದ್ದರೂ ಇದನ್ನು ಇಷ್ಟು ಜನ ನಂಬಿದ್ದೇಕೆ? ಸುಳ್ಳು ಸುದ್ದಿ ಹೇಗೆ ಹರಡುತ್ತದೆ ಎಂಬುದನ್ನೇ ಓದುತ್ತಿರುವ ನನಗೆ ಕಾಣುವ ಕಾರಣ, ಕಥೆಯ ಅರ್ಧ ಭಾಗ ನಿಜಕ್ಕೆ ಬಹಳ ಹತ್ತಿರ ಇರುವುದು. ಆ ಕಾಲದಲ್ಲಿ ರೇಡಿಯೋ ಸಂಗೀತ ಹೆಚ್ಚಾಗಿ ನೇರ ಪ್ರಸಾರವೇ ಆಗಿತ್ತು, ಉಳಿಸಿಕೊಳ್ಳುವುದು ಕಷ್ಟವಾಗಿತ್ತು. ಯೂದಿನಾ ನಿಜಕ್ಕೂ ಅಂಜದ ಹೆಂಗಸು. ಧಾರ್ಮಿಕ ನಂಬಿಕೆ ಬಿಡಲಿಲ್ಲವೆಂದು 1930ರಲ್ಲಿ ಲೆನಿನ್‌ಗ್ರಾಡ್ ಸಂಗೀತ ಶಾಲೆ ಅವರನ್ನು ಕೆಲಸದಿಂದ ತೆಗೆಯಿತು. ಮುಂದೆ, ಸರ್ಕಾರಕ್ಕೆ ಆಗದ ಕವಿ ಪಾಸ್ತರ್ನಾಕ್‌ನ ಕವಿತೆಗಳನ್ನು ವೇದಿಕೆಯಲ್ಲೇ ಓದಿ, ಕೆಲವು ವರ್ಷ ಕಛೇರಿ ನೀಡದಂತೆ ನಿಷೇಧಕ್ಕೂ ಒಳಗಾದರು. ಸ್ಟಾಲಿನ್ ಕಥೆಗಿಂತ ಇದು ನನಗೆ ದೊಡ್ಡದಾಗಿ ಕಾಣುತ್ತದೆ. ಆದರೆ ಇದು ಫಾರ್ವರ್ಡ್ ಆಗುವುದಿಲ್ಲ.

ಗಾಳಿಯಲ್ಲಿ ಹೋದ ಸಂಗೀತ ಉಳಿದದ್ದು ಹೇಗೆ?

ಆಗಿನ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ನಾಲ್ಕೈದು ನಿಮಿಷದ ಸಂಗೀತ. ಅರ್ಧ ಗಂಟೆಯ ಕನ್ಸರ್ಟೊವನ್ನು ಸ್ಟುಡಿಯೋದಲ್ಲಿ ತುಂಡು ತುಂಡಾಗಿ ನುಡಿಸಬೇಕಿತ್ತು. ರೇಡಿಯೋ ನಿಲಯಗಳು ಇನ್ನೂ ದೊಡ್ಡ, ಒಂದು ಬದಿಗೆ ಸುಮಾರು ಹದಿನೈದು ನಿಮಿಷ ಹಿಡಿಸುವ ತಟ್ಟೆಗಳನ್ನು ಬಳಸುತ್ತಿದ್ದವು. ಆ ತಟ್ಟೆಗಳೂ ಸವೆಯುತ್ತಿದ್ದವು, ಚಟಪಟ ಸದ್ದು ಮಾಡುತ್ತಿದ್ದವು.

ಪರಿಸ್ಥಿತಿ ಬದಲಿಸಿದ್ದು ಜರ್ಮನಿಯ ಟೇಪ್ ಯಂತ್ರ, ಮ್ಯಾಗ್ನೆಟೊಫೋನ್. 1935ರಲ್ಲಿ ಬರ್ಲಿನ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಇದರ ಧ್ವನಿ 1940ರ ನಂತರ ಬಹಳ ಸುಧಾರಿಸಿತು. ಯುದ್ಧದ ಸಮಯದಲ್ಲಿ ಇಂಗ್ಲೆಂಡಿನಲ್ಲಿದ್ದ ಅಮೆರಿಕದ ಸೈನಿಕ ಎಂಜಿನಿಯರ್ ಜಾಕ್ ಮಲಿನ್, ಸರಿರಾತ್ರಿಯಲ್ಲಿ ಜರ್ಮನ್ ರೇಡಿಯೋ ಕೇಳಿ ಬೆರಗಾದ. ತಟ್ಟೆಯ ಸದ್ದೇ ಇಲ್ಲದೆ ಪೂರ್ತಿ ವಾದ್ಯವೃಂದ ಕೇಳುತ್ತಿದೆ, ಆದರೆ ಎರಡು ಗಂಟೆ ರಾತ್ರಿಯಲ್ಲಿ ಯಾರು ಕುಳಿತು ನುಡಿಸುತ್ತಾರೆ? ಯುದ್ಧ ಮುಗಿದ ಮೇಲೆ ಉತ್ತರ ಸಿಕ್ಕಿತು. ಮಲಿನ್ ಎರಡು ಯಂತ್ರಗಳನ್ನು ಬಿಚ್ಚಿ ಅಮೆರಿಕಕ್ಕೆ ಸಾಗಿಸಿದ. ಅಲ್ಲಿನ ಟೇಪ್ ಉದ್ಯಮಕ್ಕೆ ಅವೇ ಬೀಜ.

ಆ ಜರ್ಮನ್ ಟೇಪ್‌ಗಳಲ್ಲಿ ಒಂದನ್ನು ಇಂದೂ ಕೇಳಬಹುದು. ಬರ್ಲಿನ್ ರೇಡಿಯೋಗಾಗಿ ವಾಲ್ಟರ್ ಗೀಸೆಕಿಂಗ್ ಬೀಥೋವನ್‌ನ ‘ಎಂಪರರ್’ ಕನ್ಸರ್ಟೊ ನುಡಿಸಿದ್ದು ಅದು. 1944-45ರ ಅವಧಿಯದ್ದು, ಅದೂ ಸ್ಟೀರಿಯೊದಲ್ಲಿ! ಪಿಯಾನೋ ಒಂಟಿಯಾಗಿ ಮೆಲ್ಲಗೆ ನುಡಿಯುವ ಕಡೆ ದೂರದಿಂದ ಧಡ್ ಧಡ್ ಎಂಬ ಸದ್ದು ಕೇಳುತ್ತದೆ. ಅದು ವಿಮಾನಗಳತ್ತ ಗುಂಡು ಹಾರಿಸುವ ತೋಪುಗಳ ಸದ್ದು ಎಂದು ಕೇಳಿದವರು ಗುರುತಿಸಿದ್ದಾರೆ. ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಿ.

ಕೆಮ್ಮು, ಕರಕರ ಇರುವುದನ್ನು ಏಕೆ ಕೇಳಬೇಕು?

ನೇರ ಪ್ರಸಾರದಲ್ಲಿ ಎರಡನೇ ಅವಕಾಶ ಇಲ್ಲ ಎಂಬುದೇ ಮುಖ್ಯ ಕಾರಣ. ಸ್ಟುಡಿಯೋದಲ್ಲಿ ತಪ್ಪಾದರೆ ಮತ್ತೆ ನುಡಿಸಿ, ಟೇಪ್ ಕತ್ತರಿಸಿ ಅಂಟಿಸಬಹುದು. ಕಛೇರಿಯಲ್ಲಿ ಕಲಾವಿದ ಧೈರ್ಯ ಮಾಡಿ ವೇಗ ಹೆಚ್ಚಿಸಿದರೆ, ಅದು ದಡ ಮುಟ್ಟುತ್ತದೋ ಇಲ್ಲವೋ ಎಂಬುದು ಕೇಳುವವರಿಗಷ್ಟೇ ಅಲ್ಲ, ಅವನಿಗೂ ಗೊತ್ತಿರುವುದಿಲ್ಲ.

1958ರ ಫೆಬ್ರವರಿ 25ರಂದು ಬಲ್ಗೇರಿಯಾದ ಸೋಫಿಯಾ ನಗರದಲ್ಲಿ ಸ್ವಿಯಾತೊಸ್ಲಾವ್ ರಿಕ್ಟರ್ ನೀಡಿದ ಕಛೇರಿ ಇದಕ್ಕೆ ಒಳ್ಳೆಯ ಉದಾಹರಣೆ. ಮುಸೋರ್ಗ್‌ಸ್ಕಿಯ ‘ಪಿಕ್ಚರ್ಸ್ ಅಟ್ ಆ್ಯನ್ ಎಕ್ಸಿಬಿಷನ್’ ನುಡಿಸುವಾಗ ಸಭೆಯಲ್ಲಿ ಕೆಮ್ಮಿನ ಸುರಿಮಳೆ. ಚಳಿಗಾಲ ಬೇರೆ. ರಿಕ್ಟರ್ ಅಮೆರಿಕಕ್ಕೆ ಮೊದಲ ಬಾರಿ ಹೋದದ್ದು 1960ರಲ್ಲಿ. ಅಷ್ಟರೊಳಗೆ ಪಶ್ಚಿಮದ ರಸಿಕರಿಗೆ ಅವರ ಹೆಸರು ಮುಟ್ಟಿಸಿದ್ದರಲ್ಲಿ ಈ ಕೆಮ್ಮು ತುಂಬಿದ ರೆಕಾರ್ಡಿನ ಪಾಲು ದೊಡ್ಡದು.

‘ಎಐನಿಂದ ಸ್ವಚ್ಛಗೊಳಿಸಿದ್ದು’ ಎಂಬ ಆವೃತ್ತಿಗಳು ಈಗ ಬಹಳ ಸಿಗುತ್ತವೆ. ಇಲ್ಲಿ ಒಂದು ತೊಂದರೆ ಇದೆ. ಪಿಯಾನೋದ ಕಟ್ಟಕಡೆಯ ಕೀಲಿಯ ಮೂಲ ಕಂಪನ ಸುಮಾರು 4,186 ಹರ್ಟ್ಸ್. ಆದರೆ ಸುತ್ತಿಗೆ ತಂತಿಗೆ ಬಡಿದಾಗ ಹುಟ್ಟುವ ಮೊನಚು, ಮೇಲಿನ ಸಹಕಂಪನಗಳು ಅದಕ್ಕಿಂತ ಎಷ್ಟೋ ಮೇಲೆ ಹೋಗುತ್ತವೆ. ಟೇಪಿನ ‘ಸ್ಸ್’ ಸದ್ದು ಹೆಚ್ಚಾಗಿ ಕಿವಿಗೆ ಬೀಳುವುದೂ ಅದೇ ಜಾಗದಲ್ಲಿ. ಸದ್ದನ್ನು ಪೂರ್ತಿ ಒರೆಸಿದರೆ ಮೊನಚೂ ಒರೆಸಿಹೋಗಿ, ಪಿಯಾನೋ ಕಂಬಳಿ ಹೊದ್ದಂತೆ ಕೇಳುತ್ತದೆ. ಸ್ವಲ್ಪ ಸದ್ದು ಉಳಿಸಿಕೊಂಡ ಆವೃತ್ತಿಯನ್ನೇ ಆರಿಸಿ. ಐದು ನಿಮಿಷದಲ್ಲಿ ಕಿವಿ ಆ ಸದ್ದನ್ನು ತಾನಾಗಿ ಪಕ್ಕಕ್ಕಿಡುತ್ತದೆ.

ಹೆಸರು ನೋಡಿ ಮೆಚ್ಚುತ್ತೇವೆಯೇ?

ರೊಮೇನಿಯಾದ ದಿನು ಲಿಪಾಟಿ 1950ರಲ್ಲಿ, ಕೇವಲ 33ನೇ ವಯಸ್ಸಿನಲ್ಲಿ, ರಕ್ತ ಸಂಬಂಧಿ ಕ್ಯಾನ್ಸರಿನಿಂದ ತೀರಿಕೊಂಡ ಪಿಯಾನೋ ವಾದಕ. ಅವರು ಬಿಟ್ಟುಹೋದ ಧ್ವನಿಮುದ್ರಣಗಳು ಬೆರಳೆಣಿಕೆಯವು. ಹಾಗಾಗಿ 1960ರ ದಶಕದ ನಡುವಿನಲ್ಲಿ ಇಎಂಐ ಕಂಪನಿ ‘ಲಿಪಾಟಿ ನುಡಿಸಿದ ಶೋಪಾನ್‌ನ ಮೊದಲ ಕನ್ಸರ್ಟೊ’ ಹೊರತಂದಾಗ ರಸಿಕರಿಗೆ ಹಬ್ಬ. ಹದಿನೈದು ವರ್ಷ ಎಲ್ಲರೂ ಅದನ್ನು ಲಿಪಾಟಿ ಎಂದೇ ಕೇಳಿದರು.

1981ರಲ್ಲಿ ಬಿಬಿಸಿ ರೇಡಿಯೋ ಅದನ್ನು ಪ್ರಸಾರ ಮಾಡಿತು. ಒಬ್ಬ ಕೇಳುಗನಿಗೆ ಅನುಮಾನ ಬಂತು: ಇದು ತನ್ನ ಬಳಿ ಇರುವ ಇನ್ನೊಂದು ರೆಕಾರ್ಡಿನಂತೆಯೇ ಇದೆಯಲ್ಲ? ಎರಡನ್ನೂ ಹೋಲಿಸಿದಾಗ ಎರಡೂ ಒಂದೇ. ನುಡಿಸಿದ್ದು ಲಿಪಾಟಿ ಅಲ್ಲ, ಪೋಲೆಂಡಿನ ಹಲೀನಾ ಚೆರ್ನಿ-ಸ್ತೆಫಾನ್ಸ್ಕಾ. 1949ರ ವಾರ್ಸಾ ಶೋಪಾನ್ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಹಂಚಿಕೊಂಡವರು ಅವರು. ಮುಂದೆ ಲಿಪಾಟಿ ನಿಜವಾಗಿ ಅದೇ ಕೃತಿ ನುಡಿಸಿದ ಟೇಪ್ ಸಿಕ್ಕಿತು. 1950ರ ಫೆಬ್ರವರಿಯಲ್ಲಿ ಜ್ಯೂರಿಕ್‌ನಲ್ಲಿ ನಡೆದ ಕಛೇರಿಯದ್ದು.

ಇದರಲ್ಲಿ ಅನ್ಯಾಯವಾದದ್ದು ಯಾರಿಗೆ ನೋಡಿ. ಅದೇ ಬೆರಳು, ಅದೇ ಸ್ವರ. ಸತ್ತ ತರುಣನ ಹೆಸರು ಇದ್ದಾಗ ಅದು ಅಮೂಲ್ಯ ನಿಧಿ. ಬದುಕಿದ್ದ ಹೆಣ್ಣುಮಗಳ ಹೆಸರು ಇದ್ದಾಗ ಹತ್ತರಲ್ಲಿ ಹನ್ನೊಂದನೆಯ ರೆಕಾರ್ಡ್. ಚೆನ್ನಾಗಿದೆ ಎಂದು ಮೆಚ್ಚಿದವರಿಗೆ ಸುಳ್ಳು ಕಿವಿಯಿತ್ತು ಎನ್ನಲಾಗದು, ನುಡಿಸಿದ್ದು ಚೆನ್ನಾಗಿಯೇ ಇತ್ತು. ಮೆಚ್ಚುಗೆ ಮಾತ್ರ ತಪ್ಪು ವಿಳಾಸಕ್ಕೆ ಹೋಯಿತು.

2007ರಲ್ಲಿ ಇಂಗ್ಲೆಂಡಿನ ಜಾಯ್ಸ್ ಹಾಟೊ ಹೆಸರಿನ ಸಿಡಿಗಳು ಬೇರೆಯವರ ಧ್ವನಿಮುದ್ರಣಗಳ ಕಳ್ಳಪ್ರತಿ ಎಂದು ಗೊತ್ತಾದಾಗ ಹಿಡಿದುಕೊಟ್ಟದ್ದು ಕಂಪ್ಯೂಟರ್. ಸಿಡಿ ಹಾಕಿದೊಡನೆ ತಂತ್ರಾಂಶ ಬೇರೊಬ್ಬ ವಾದಕನ ಹೆಸರು ತೋರಿಸಿತು. ಪ್ರತಿ ಹಾಡಿನ ಅವಧಿ ತಾಳೆಯಾಗಿದ್ದೇ ಸುಳಿವು. ಈ ಉಪಾಯ ನಿಮಗೂ ಬಳಕೆಗೆ ಬರುತ್ತದೆ. ‘ಅಪರೂಪದ ನೇರ ಪ್ರಸಾರ’ ಎಂದು ಬಂದ ಆಡಿಯೊದ ಜೊತೆ ತಾರೀಖು, ಊರು, ವಾದ್ಯವೃಂದ, ಕಂಡಕ್ಟರ್ ಹೆಸರು ಇವೆಯೇ ನೋಡಿ. ಇದ್ದರೆ ಅದೇ ಕೃತಿಯ ಬೇರೆ ಆವೃತ್ತಿಗಳ ಅವಧಿಯೊಂದಿಗೆ ಹೋಲಿಸಿ. ಏನೂ ಇಲ್ಲದೆ ಬರೀ ಕಣ್ಣೀರಿನ ಕಥೆ ಇದ್ದರೆ, ಸಂಗೀತ ಕೇಳಿ, ಕಥೆಯನ್ನು ಅಲ್ಲೇ ಬಿಡಿ.

ಸುಳ್ಳಿನಂತೆ ಕೇಳಿಸುವ ನಿಜವೂ ಇದೆ. ಲಂಡನ್ನಿನಲ್ಲಿ ಕಾಯಿಲೆ, ಕಷ್ಟಗಳ ನಡುವೆ ಇದ್ದ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ತಮ್ಮ ಪಿಯಾನೋ ಕೃತಿಗಳನ್ನು ತಾವೇ ನುಡಿಸಿ ರೆಕಾರ್ಡ್ ಮಾಡಲು 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕನ್ಸರ್ಟೊವನ್ನು ಮಹಾರಾಜರಿಗೇ ಅರ್ಪಿಸಿದ್ದಾರೆ. ಇವು ರೇಡಿಯೋದವಲ್ಲ, ಸ್ಟುಡಿಯೋದವು. ಆದರೆ ಮೈಸೂರಿನ ಹಣ ಇಲ್ಲದಿದ್ದರೆ ಆ ಬೆರಳುಗಳ ಧ್ವನಿ ನಮಗೆ ಇಷ್ಟು ಉಳಿಯುತ್ತಿರಲಿಲ್ಲ. ಇದನ್ನು ಧಾರಾಳವಾಗಿ ಫಾರ್ವರ್ಡ್ ಮಾಡಿ.

ಹಳೆಯ ಧ್ವನಿಮುದ್ರಣಗಳು 432 ಹರ್ಟ್ಸ್‌ನಲ್ಲಿವೆಯೇ?

‘ಹಿಂದಿನವರು 432 ಹರ್ಟ್ಸ್ ಶ್ರುತಿಯಲ್ಲಿ ನುಡಿಸುತ್ತಿದ್ದರು, ಅದು ರೋಗ ಗುಣಪಡಿಸುತ್ತದೆ, 440 ಆರೋಗ್ಯಕ್ಕೆ ಕೆಡುಕು’ ಎಂಬ ಸಂದೇಶ ನಿಮಗೂ ಬಂದಿರಬಹುದು. 440 ಹರ್ಟ್ಸ್ ಎಂಬುದು ವಾದ್ಯಗಳು ಒಟ್ಟಿಗೆ ಶ್ರುತಿಗೂಡಲು ಮಾಡಿಕೊಂಡ ಒಪ್ಪಂದ, ಅಷ್ಟೇ. 432 ರೋಗ ವಾಸಿ ಮಾಡುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಹಳೆಯ ಟೇಪ್ ಅನ್ನೇ ಸಾಕ್ಷಿಯಾಗಿ ತೋರಿಸುವುದಂತೂ ಇನ್ನೂ ತಮಾಷೆ. ಟೇಪ್ ಓಡುವ ವೇಗ ಬದಲಾದರೆ ಶ್ರುತಿಯೂ ಬದಲಾಗುತ್ತದೆ. 440ರಲ್ಲಿ ನುಡಿಸಿದ್ದು 432 ಆಗಿ ಕೇಳಲು ಯಂತ್ರ ಶೇಕಡಾ 1.8ರಷ್ಟು ನಿಧಾನವಾದರೆ ಸಾಕು. ಅರ್ಧ ಗಂಟೆಯ ಕನ್ಸರ್ಟೊ ಆಗ 33 ಸೆಕೆಂಡು ಉದ್ದವಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹಾಗೆ ಕೇಳಿಸುವ ಹಳೆಯ ಟೇಪಿನಲ್ಲಿ ಪ್ರಾಚೀನ ಗುಟ್ಟು ಹುಡುಕುವ ಮೊದಲು ಮೋಟರಿನ ವೇಗ ನೋಡಬೇಕು.

ಲಿಪಾಟಿಯ ಕೊನೆಯ ಕಛೇರಿ

1950ರ ಸೆಪ್ಟೆಂಬರ್ 16ರಂದು ಫ್ರಾನ್ಸಿನ ಬೆಸಾನ್ಸೋನ್‌ನಲ್ಲಿ ಲಿಪಾಟಿ ನೀಡಿದ ಕಛೇರಿಯನ್ನು ಫ್ರೆಂಚ್ ರೇಡಿಯೋ ಮುದ್ರಿಸಿಕೊಂಡಿತು. ವೈದ್ಯರಿಗೆ ಅವರು ನುಡಿಸುವುದು ಇಷ್ಟವಿರಲಿಲ್ಲ. ಬಾಖ್, ಮೊಟ್ಸಾರ್ಟ್, ಶೂಬರ್ಟ್ ಮುಗಿಸಿ, ಶೋಪಾನ್‌ನ ಹದಿನಾಲ್ಕು ವಾಲ್ಟ್ಜ್‌ಗಳನ್ನು ಶುರು ಮಾಡಿದರು. ಹದಿಮೂರು ನುಡಿಸಿದರು. ಹದಿನಾಲ್ಕನೆಯದಕ್ಕೆ ಶಕ್ತಿ ಉಳಿದಿರಲಿಲ್ಲ. ಡಿಸೆಂಬರ್ 2ರಂದು ತೀರಿಕೊಂಡರು.

ಈ ಟೇಪ್ ಕೇಳುವಾಗ ಕಾಯಿಲೆಯ ಸುಳಿವು ಹುಡುಕಬೇಡಿ, ಅಷ್ಟು ಸುಲಭವಾಗಿ ಸಿಗುವುದಿಲ್ಲ. ಬಾಖ್‌ನ ಪಾರ್ಟಿಟಾದಲ್ಲಿ ಎರಡೂ ಕೈಗಳ ಸ್ವರಗಳು ಒಂದೊಂದೂ ಬೇರೆ ಬೇರೆಯಾಗಿ, ಸ್ಪಷ್ಟವಾಗಿ ನಡೆಯುವುದನ್ನು ಗಮನಿಸಿ.

ವಾಲ್ಟ್ಜ್ ನಿಲ್ಲಿಸಿ ಹೋದ ಲಿಪಾಟಿ ಸ್ವಲ್ಪ ಹೊತ್ತಿನ ನಂತರ ಮರಳಿ ಬಂದು, ಬಾಖ್‌ನ ‘ಜೀಸು, ಜಾಯ್ ಆಫ್ ಮ್ಯಾನ್ಸ್ ಡಿಸೈರಿಂಗ್’ ನುಡಿಸಿದರು ಎಂದು ಸಭೆಯಲ್ಲಿದ್ದವರು ಹೇಳಿದ್ದಾರೆ. ಆ ಭಾಗ ಟೇಪಿನಲ್ಲಿ ಉಳಿದಿಲ್ಲ. ‘ಲಿಪಾಟಿ ಕೊನೆಯ ಬಾರಿ ನುಡಿಸಿದ ಬಾಖ್’ ಎಂಬ ತಲೆಬರಹದೊಂದಿಗೆ ಅದೇ ಕೃತಿ ನಿಮಗೆ ಬಂದರೆ, ಅದು ಅವರು ಅದಕ್ಕೂ ಮೊದಲೇ ಸ್ಟುಡಿಯೋದಲ್ಲಿ ನುಡಿಸಿದ್ದು.