ಎಪ್ಪತ್ತು ವರ್ಷ ಆದ್ಮೇಲೆ ಆ ಮನೆ ಯಾರದು?



ಹೋದ ವಾರ ನಮ್ಮ ಗ್ರೂಪಿಗೆ ಒಂದು ವಿಡಿಯೋ ಬಂತು. "ಚೀನಾದಲ್ಲಿ ಸಾಲ ಸೋಲ ಮಾಡಿ ಮನೆ ತಗೊಂಡ್ರೂ 70 ವರ್ಷಕ್ಕೆ ಸರ್ಕಾರ ಕಿತ್ಕೊಳ್ಳುತ್ತೆ" ಅಂತ. ಕೆಳಗೆ ಎರಡು ಪಾರ್ಟಿ ಆಯ್ತು. ಒಬ್ಬರು "ಭೂಮಿ ರಾಷ್ಟ್ರೀಕರಣ ಆಗ್ಬೇಕು ಅಂತೀರಲ್ಲ, ಇದೇ ಗತಿ ನೋಡಿ" ಅಂದ್ರು. ಇನ್ನೊಬ್ಬರು "ಭೂಮಿ ಯಾರಪ್ಪನ ಸ್ವತ್ತೂ ಅಲ್ಲ, ಅಲ್ಲಿ ಭೂಮಾಲೀಕರೇ ಇಲ್ಲ, ಅದೇ ಸರಿ" ಅಂದ್ರು. ಇಬ್ಬರೂ ನನಗೆ ಬೇಕಾದವರು. ಇಬ್ಬರೂ ಅರ್ಧ ಮಾತ್ರ ಹೇಳಿದ್ರು. ಅದಕ್ಕೇ ಉದ್ದ ಆದರೂ ಬರೀತಿದ್ದೀನಿ, ಪೂರ್ತಿ ಓದಿ.

ನಾನು ಕಾನೂನು ಓದಿದವನಲ್ಲ, ಆಫೀಸಿನಲ್ಲಿ ಗುಮಾಸ್ತ. ಆದರೆ ಇಪ್ಪತ್ತು ವರ್ಷ ಕಡತ, ಸುತ್ತೋಲೆ ನೋಡಿ ನೋಡಿ ಒಂದು ಅಭ್ಯಾಸ ಆಗಿದೆ. ಯಾವ ಆದೇಶ ಬಂದರೂ ಅದರಲ್ಲಿ ಏನು ಬರೆದಿಲ್ಲ ಅಂತ ಮೊದಲು ಹುಡುಕ್ತೀನಿ. ಬಡವರ ಕುತ್ತಿಗೆಗೆ ಬರೋದು ಆ ಬರೆಯದೇ ಇರೋ ಜಾಗವೇ.

ಮೊದಲು ವಿಷಯ ತಿಳ್ಕೊಳ್ಳೋಣ. ಚೀನಾದ 1982ರ ಸಂವಿಧಾನದ ಪ್ರಕಾರ ನಗರದ ನೆಲ ಸರ್ಕಾರದ್ದು, ಹಳ್ಳಿಯ ನೆಲ ಹಳ್ಳಿಯ ಸಮುದಾಯದ್ದು. ವ್ಯಕ್ತಿಯ ಹೆಸರಿಗೆ ನೆಲ ಇಲ್ಲ. ಆದರೆ ನೆಲದ 'ಬಳಕೆ ಹಕ್ಕು' ಮಾರಬಹುದು. 1987ರ ಡಿಸೆಂಬರ್‌ನಲ್ಲಿ ಶೆನ್‌ಝೆನ್ ನಗರದಲ್ಲಿ ಅಂಥ ಹಕ್ಕಿನ ಮೊದಲ ಬಹಿರಂಗ ಹರಾಜು ಆಯ್ತು. ಸಂವಿಧಾನ ಅದಕ್ಕೆ ಒಪ್ಪಿಗೆ ಕೊಟ್ಟಿದ್ದು 1988ರಲ್ಲಿ. ಹರಾಜು ಮೊದಲು, ತಿದ್ದುಪಡಿ ಆಮೇಲೆ! 1990ರಲ್ಲಿ ಅವಧಿ ಗೊತ್ತು ಮಾಡಿದ್ರು: ವಾಸದ ಮನೆಗೆ ಹೆಚ್ಚೆಂದರೆ 70 ವರ್ಷ, ಕೈಗಾರಿಕೆಗೆ 50, ಅಂಗಡಿ ಮುಂಗಟ್ಟಿಗೆ 40. ಈ ಗಡಿಯಾರ ಶುರುವಾಗೋದು ನೀವು ಫ್ಲ್ಯಾಟ್ ತಗೊಂಡ ದಿನದಿಂದ ಅಲ್ಲ, ಬಿಲ್ಡರ್ ನೆಲ ತಗೊಂಡ ದಿನದಿಂದ. ಅವನು ಕಟ್ಟೋಕೆ ಐದು ವರ್ಷ ಎಳೆದರೆ ನಿಮಗೆ ಉಳಿಯೋದು 65.

ಅದೇ 1990ರ ನಿಯಮದಲ್ಲಿ ಇನ್ನೊಂದು ಮಾತಿತ್ತು. ನವೀಕರಣ ಆಗದೆ ಅವಧಿ ಮುಗಿದರೆ ನೆಲದ ಜೊತೆ ಅದರ ಮೇಲಿನ ಕಟ್ಟಡವೂ ಪರಿಹಾರ ಇಲ್ಲದೆ ಸರ್ಕಾರಕ್ಕೆ ಸೇರುತ್ತೆ ಅಂತ. ವಿಡಿಯೋದವರು ಹಿಡ್ಕೊಂಡಿರೋದು ಇದನ್ನೇ. ಆದರೆ ಆಮೇಲೆ ಆಗಿದ್ದನ್ನ ಹೇಳಲ್ಲ. 2007ರ ಆಸ್ತಿ ಕಾನೂನಿನ 149ನೇ ಕಲಮು, ವಾಸದ ಮನೆಯ ನೆಲದ ಹಕ್ಕು ಅವಧಿ ಮುಗಿದರೆ ತಾನಾಗೇ ನವೀಕರಣ ಆಗುತ್ತೆ ಅಂತು. ಅಂದ್ರೆ ಇವತ್ತಿನ ಕಾನೂನಿನಲ್ಲಿ ಅವಧಿ ಮುಗೀತು ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ಬೀದಿಗೆ ಹಾಕೋ ಹಾಗಿಲ್ಲ.

ಸರಿ, ತಾನಾಗೇ ನವೀಕರಣ. ದುಡ್ಡು ಎಷ್ಟು? ಅದನ್ನ ಕಾನೂನು ಹೇಳಲೇ ಇಲ್ಲ.

ಆ ಮೌನ ಏನು ಮಾಡ್ತು ಅಂತ 2016ರಲ್ಲಿ ಗೊತ್ತಾಯ್ತು. ಝೆಜಿಯಾಂಗ್ ಪ್ರಾಂತ್ಯದ ವೆನ್‌ಝೌ ನಗರದಲ್ಲಿ ಕೆಲವರಿಗೆ 70ರ ಬದಲು ಬರೀ 20 ವರ್ಷದ ಹಕ್ಕು ಕೊಟ್ಟಿದ್ರು. ಹಿಂದೆ ಕಡಿಮೆ ವರ್ಷಕ್ಕೆ ಕಡಿಮೆ ದುಡ್ಡು ಅನ್ನೋ ಲೆಕ್ಕ. ಕೈಯಲ್ಲಿ ಕಾಸಿಲ್ಲದವರು ಯಾವುದನ್ನ ಆರಿಸ್ಕೋತಾರೆ, ನೀವೇ ಹೇಳಿ. ಅಂಥ ಮನೆ ಮಾರೋಕೆ, ವರ್ಗಾಯಿಸೋಕೆ ಹೋದವರಿಗೆ ಅವಧಿ ಮುಗಿದಿರೋದು ತಿಳೀತು. ನವೀಕರಣಕ್ಕೆ ಮನೆ ಬೆಲೆಯ ಸುಮಾರು ಮೂರನೇ ಒಂದು ಭಾಗ ಕಟ್ಟಬೇಕಾಗಬಹುದು ಅನ್ನೋ ಸುದ್ದಿ ಹಬ್ಬಿ ದೇಶವೆಲ್ಲಾ ಗದ್ದಲ ಆಯ್ತು. ಯಾಕಂದ್ರೆ ಇವತ್ತು ವೆನ್‌ಝೌದವರದ್ದು, ನಾಳೆ ಎಲ್ಲಾ ಊರಿನವರದ್ದೂ. ಕೊನೆಗೆ ಅದೇ ಡಿಸೆಂಬರ್‌ನಲ್ಲಿ ಭೂ ಸಚಿವಾಲಯ ಉತ್ತರ ಕೊಡ್ತು: ಅರ್ಜಿ ಬೇಡ, ಶುಲ್ಕ ಬೇಡ, ನೋಂದಣಿ ಎಂದಿನಂತೆ ಮಾಡಿಕೊಡಿ. ಜನ ಉಸಿರು ಬಿಟ್ರು. ಆದರೆ ಅದು ತಾತ್ಕಾಲಿಕ ಏರ್ಪಾಡು, ಕಾನೂನು ಅಲ್ಲ.

ಆಮೇಲೆ 2021ರ ಜನವರಿ 1ರಿಂದ ಜಾರಿಗೆ ಬಂದ ನಾಗರಿಕ ಸಂಹಿತೆಯ 359ನೇ ಕಲಮು. ಅಲ್ಲೂ "ತಾನಾಗೇ ನವೀಕರಣ" ಇದೆ. ಜೊತೆಗೆ ಒಂದು ಸಾಲು ಸೇರಿಸಿದ್ರು: ಶುಲ್ಕ ಕಟ್ಟೋದು, ಕಡಿಮೆ ಮಾಡೋದು, ಮನ್ನಾ ಮಾಡೋದು ಕಾನೂನು ಮತ್ತು ಆಡಳಿತ ನಿಯಮಗಳ ಪ್ರಕಾರ. ನಮ್ಮ ಆಫೀಸ್ ಭಾಷೆಯಲ್ಲಿ ಹೇಳೋದಾದರೆ "ನಿಯಮಾನುಸಾರ ಕ್ರಮ ಕೈಗೊಳ್ಳಲಾಗುವುದು." ಈ ಸಾಲನ್ನ ನಾನೇ ಎಷ್ಟು ಸಾವಿರ ಸಲ ಟೈಪ್ ಮಾಡಿದ್ದೀನೋ! ಮೇಲಿನವರಿಗೆ ಹೌದು ಅನ್ನೋಕೂ ಇಷ್ಟ ಇಲ್ಲ, ಇಲ್ಲ ಅನ್ನೋಕೂ ಧೈರ್ಯ ಇಲ್ಲ ಅಂದಾಗ ಬರೋ ಸಾಲು ಅದು. ಆ ಕಾಗದ ಹಿಡ್ಕೊಂಡು ಕೌಂಟರ್ ಮುಂದೆ ನಿಂತವರ ಮುಖವನ್ನೂ ನಾನು ನೋಡಿದ್ದೀನಿ.

ಕಾನೂನು ಸುಮ್ಮನಿದ್ದರೆ ಏನಾಗುತ್ತೆ ಅಂತ ನಮಗೆ ಚೀನಾ ಹೇಳಿಕೊಡಬೇಕಿಲ್ಲ. ನಮ್ಮ 1978ರ ಪಿ.ಟಿ.ಸಿ.ಎಲ್. ಕಾಯ್ದೆ ನೆನಪಿಸ್ಕೊಳ್ಳಿ. ಮಂಜೂರಾದ ಜಮೀನು ಷರತ್ತು ಮುರಿದು ಮಾರಾಟ ಆಗಿದ್ದರೆ ಅದನ್ನ ವಾಪಸ್ ಕೊಡಿಸಬೇಕು ಅಂತಿತ್ತು. ಎಷ್ಟು ವರ್ಷದೊಳಗೆ ಅರ್ಜಿ ಹಾಕಬೇಕು ಅಂತ ಇರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಆ ಮೌನದೊಳಗೆ "ಸಮಂಜಸ ಅವಧಿ" ಅನ್ನೋದನ್ನ ಓದಿತು. ಆಮೇಲೆ ನಮ್ಮವರ ಅರ್ಜಿಗಳು "ತಡವಾಗಿ ಬಂದಿದ್ದೀರಿ" ಅಂತ ಒಂದರ ಹಿಂದೆ ಒಂದು ಬಿದ್ದವು. ಫ್ರೀಡಂ ಪಾರ್ಕ್‌ನಲ್ಲಿ ತಿಂಗಳುಗಟ್ಟಲೆ ಧರಣಿ ಕೂತ ಮೇಲೆ, 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಆಯ್ತು. ಕಾನೂನಿನ ಮೌನವನ್ನ ಯಾವಾಗಲೂ ಬಲ ಇರೋರ ಪರವಾಗಿ ಓದ್ತಾರೆ. ನಾವು ಒಂದು ಸಾಲು ಬರೆಸೋಕೆ ಬೀದಿಯಲ್ಲಿ ಮಲಗಬೇಕು.

ಈಗ ಗ್ರೂಪಿನ ಎರಡನೇ ಗೆಳೆಯರಿಗೆ ಒಂದು ಮಾತು. ಭೂಮಿ ಸರ್ಕಾರದ ಒಡೆತನದಲ್ಲಿರಬೇಕು ಅನ್ನೋದು ನಮಗೆ ಹೊರಗಿನ ವಿಚಾರ ಅಲ್ಲ. 1947ರಲ್ಲಿ ಬಾಬಾಸಾಹೇಬರು 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಮನವಿಯಲ್ಲಿ ಕೃಷಿ ಭೂಮಿ ಸರ್ಕಾರದ್ದಾಗಬೇಕು, ಜಾತಿ ಮತ ನೋಡದೆ ಊರವರಿಗೆ ಗೇಣಿಗೆ ಕೊಡಬೇಕು, ಸಾಮೂಹಿಕವಾಗಿ ಉಳಬೇಕು ಅಂದಿದ್ರು. ಆದರೆ ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಈ ಏರ್ಪಾಡು ಸಂವಿಧಾನದಲ್ಲೇ ಇರಬೇಕು, ನಾಳೆ ಬಹುಮತ ಬಂದ ಪಕ್ಷ ತನಗೆ ಬೇಕಾದ ಹಾಗೆ ಬದಲಾಯಿಸೋ ಹಾಗಿರಬಾರದು ಅಂದ್ರು. ನಮ್ಮ ಭಾಷಣಗಳಲ್ಲಿ ಮೊದಲ ಅರ್ಧ ಬರುತ್ತೆ, ಎರಡನೇ ಅರ್ಧ ಮರೆತು ಹೋಗುತ್ತೆ. ಚೀನಾದಲ್ಲಿ ಕಾಣೋದು ಆ ಎರಡನೇ ಅರ್ಧದ ಕೊರತೆ. ಒಡೆಯ ಸರ್ಕಾರ ಅನ್ನೋದು ಸಂವಿಧಾನದಲ್ಲಿದೆ. ಒಕ್ಕಲು ಎಷ್ಟು ಕೊಡಬೇಕು ಅನ್ನೋದನ್ನ ಮುಂದೆ ಬರೋ ನಿಯಮಕ್ಕೆ ಬಿಟ್ಟಿದ್ದಾರೆ.

ಹಾಗಾದ್ರೆ ಎಲ್ಲರಿಗೂ ಪುಕ್ಕಟೆ ನವೀಕರಣ ಮಾಡಿಬಿಡಲಿ ಅಂತೀರಾ? ನಾನು ಅದನ್ನೂ ಒಪ್ಪಲ್ಲ. ಒಂದೇ ಮನೆ ಇರೋ ನಿವೃತ್ತ ಕಾರ್ಮಿಕನಿಗೂ ಹತ್ತು ಫ್ಲ್ಯಾಟ್ ಬಾಡಿಗೆಗೆ ಬಿಟ್ಟವನಿಗೂ ಒಂದೇ ಮನ್ನಾ ಹೇಗೆ ನ್ಯಾಯ? ಮೆಟ್ರೋ, ಶಾಲೆ, ಆಸ್ಪತ್ರೆ ಬಂದು ಆ ನೆಲದ ಬೆಲೆ ಏರಿದ್ದು ಎಲ್ಲರ ದುಡ್ಡಿನಿಂದ. ಒಂದು ಕುಟುಂಬಕ್ಕೆ ಬೇಕಾದಷ್ಟು ಅಳತೆಯ ಒಂದು ಮನೆಗೆ ಶುಲ್ಕ ಇಲ್ಲ, ಅದರ ಮೇಲಿನದಕ್ಕೆ ಮನೆ ಹೆಚ್ಚಿದ ಹಾಗೆ ಶುಲ್ಕ ಹೆಚ್ಚು ಅಂತ ಈಗಲೇ ಬರೆಯಲಿ. ಅಲ್ಲಿನ ಕಾನೂನು ಪಂಡಿತರಲ್ಲೂ ಪುಕ್ಕಟೆಯೋ ಶುಲ್ಕವೋ ಅನ್ನೋ ಚರ್ಚೆ ಹಳೆಯದು. ಹೆಚ್ಚಿನವರ ಅವಧಿ ಮುಗಿಯೋದು 2060ರ ಆಚೆ. ಸಮಯ ಇದೆ ಅನ್ನೋದು ಸುಮ್ಮನಿರೋಕೆ ಕಾರಣ ಅಲ್ಲ, ನಿಧಾನವಾಗಿ ಕೂತು ಬರೆಯೋಕೆ ಕಾರಣ.

ಇಷ್ಟೆಲ್ಲಾ ಚರ್ಚೆ ಕಾಗದ ಇದ್ದವರದ್ದು. ಕಾಗದವೇ ಇಲ್ಲದವರ ಕಥೆ ಬೇರೆ. ಚೀನಾದಲ್ಲಿ ಊರು ಬಿಟ್ಟು ದುಡಿಯೋಕೆ ಬಂದವರು ಸುಮಾರು 30 ಕೋಟಿ. 1958ರಿಂದ ಬಂದ ಹುಕೌ ಅನ್ನೋ ನೋಂದಣಿ ಪದ್ಧತಿ ಹಳ್ಳಿಯಲ್ಲಿ ಹುಟ್ಟಿದವರನ್ನ ಹಳ್ಳಿಯ ಲೆಕ್ಕದಲ್ಲೇ ಇಟ್ಟಿತು. ಅದನ್ನ ಜಾತಿ ಅನ್ನೋಕಾಗಲ್ಲ, ಅಸ್ಪೃಶ್ಯತೆಗೆ ಹೋಲಿಸೋದು ತಪ್ಪು. ಆದರೂ ಹುಟ್ಟಿದ ಕಡೆಯಿಂದ ಹಕ್ಕು ತೀರ್ಮಾನ ಆಗೋದು ನಮಗೆ ಬಿಡಿಸಿ ಹೇಳಬೇಕಾದ ವಿಷಯ ಅಲ್ಲ. ಶೆನ್‌ಝೆನ್ ನಗರದ ಬೈಶಿಝೌ ಅನ್ನೋ 'ನಗರದೊಳಗಿನ ಹಳ್ಳಿ'ಯಲ್ಲಿ ಅಂಥವರು ಲಕ್ಷಕ್ಕೂ ಹೆಚ್ಚು ಜನ ಬಾಡಿಗೆಗಿದ್ರು. 2019ರಲ್ಲಿ ಹೊಸ ಕಟ್ಟಡಗಳಿಗಾಗಿ ಖಾಲಿ ಮಾಡಿಸಿದ್ರು. ಮನೆ ಮಾಲೀಕರಿಗೆ ಪರಿಹಾರ, ಬಾಡಿಗೆಯವರಿಗೆ ಗಂಟುಮೂಟೆ. ಮಕ್ಕಳ ಶಾಲೆ ಏನು ಮಾಡೋದು ಅಂತ ತಾಯಂದಿರು ಅಲೆದಾಡಿದ್ರು. ಅವರಿಗೆ 70 ವರ್ಷವೂ ಇಲ್ಲ, 20 ವರ್ಷವೂ ಇಲ್ಲ, ಮುಂದಿನ ತಿಂಗಳ ಬಾಡಿಗೆ ಅಷ್ಟೇ. ಸ್ಥಳೀಯ ಸರ್ಕಾರಗಳು 2021ರ ಒಂದೇ ವರ್ಷದಲ್ಲಿ ನೆಲದ ಹಕ್ಕು ಮಾರಿ 8 ಲಕ್ಷ ಕೋಟಿ ಯುವಾನ್‌ಗೂ ಮೀರಿ ಗಳಿಸಿದವು. ಹತ್ತು ಫ್ಲ್ಯಾಟಿನವನಿಂದ ಶುಲ್ಕ ತಗೊಂಡು ಇವರಿಗೆ ಸೂರು ಕೊಟ್ಟರೆ ಆಗ ನಾನೂ ಹೇಳ್ತೀನಿ, ನೆಲ ಜನರದ್ದು ಅಂತ.

ನಮ್ಮವ್ವನ ಹತ್ರ ಒಂದು ಹಕ್ಕುಪತ್ರ ಇದೆ, ಕಾಲೋನಿ ಮನೇದು. ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟಿದೆ. ನಾನು ಈ ಚೀನಾ ವಿಷಯ ಓದ್ತಿದ್ದಾಗ ಏನಪ್ಪಾ ಅದು ಅಂತ ಕೇಳ್ತು, ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಟ್ರಂಕು ತೆಗೆದು ಕಾಗದ ನನ್ನ ಕೈಗೆ ಕೊಟ್ಟು ಕೇಳ್ತು: "ನಮ್ದುಕ್ಕೂ ಹಂಗೆ ಟೈಮ್ ಏನಾರ ಬರ್ದವ್ರಾ ನೋಡು ಮಗ."

ಆವತ್ತು ರಾತ್ರಿ ಕೂತು ಸಣ್ಣ ಅಕ್ಷರದ ಷರತ್ತುಗಳನ್ನೆಲ್ಲಾ ಅವ್ವನಿಗೆ ಓದಿ ಹೇಳಿದೆ. ನೀವೂ ನಿಮ್ಮ ನಿಮ್ಮ ಮನೆಯ ಕಾಗದ ತೆಗೆದು ಓದಿ. ಓದು ಬಾರದವರ ಮನೆಗೆ ಹೋಗಿ ಓದಿ ಹೇಳಿ. ಭಾನುವಾರದ ಸಭೆಗೆ ಬರುವಾಗ ಒಂದೊಂದು ಜೆರಾಕ್ಸ್ ತನ್ನಿ.

ಜೈ ಭೀಮ್.